ವಸತಿ ಬಡಾವಣೆಯಲ್ಲಿ ವಲಯ ನಿಯಮ ಮುರಿದಾಗ: ಬೆಳಗಾವಿಯ ನಿವಾಸಿಗಳಿಗೊಂದು ಸಮಗ್ರ ಮಾರ್ಗದರ್ಶಿ

ವಸತಿಗೆಂದು ಮಂಜೂರಾದ ಪ್ಲಾಟಿನಲ್ಲಿ ಗೋದಾಮು ಎದ್ದರೆ, ಮನೆಯ ನೆಲಮಹಡಿಯಲ್ಲಿ ಲೇಥ್ ಮಷೀನು ತಿರುಗತೊಡಗಿದರೆ, ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ತಗಡಿನ ಶೆಡ್ಡು ಕಾಣಿಸಿಕೊಂಡರೆ, ಓಣಿಯ ಜನ ಮೊದಲು ನಗರಸೇವಕರಿಗೆ ಫೋನು ಮಾಡುತ್ತಾರೆ. ಅದರಿಂದ ಏನೂ ಆಗದಿದ್ದಾಗ ದೂಳು, ಸದ್ದು, ಪಾರ್ಕಿಂಗು, ಕಟ್ಟಡದ ಎತ್ತರ, ಮಾಲೀಕರ ಒರಟುತನ ಎಲ್ಲವನ್ನೂ ಸೇರಿಸಿ ಪಾಲಿಕೆ ಆಯುಕ್ತರಿಗೆ ಉದ್ದನೆಯ ಅರ್ಜಿ ಬರೆಯುತ್ತಾರೆ. ಆ ಅರ್ಜಿ ನಗರ ಯೋಜನಾ ವಿಭಾಗದಿಂದ ಆರೋಗ್ಯ ವಿಭಾಗಕ್ಕೆ, ಅಲ್ಲಿಂದ ಬುಡಾಕ್ಕೆ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ), ಬುಡಾದಿಂದ ಮತ್ತೆ ಪಾಲಿಕೆಗೆ ‘ಮುಂದಿನ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ತಿರುಗುವಷ್ಟರಲ್ಲಿ ಕಟ್ಟಡಕ್ಕೆ ಸ್ಲ್ಯಾಬ್ ಬಿದ್ದಿರುತ್ತದೆ. ಇದಕ್ಕೆ ಕಾರಣ ಕಾನೂನಿನ ಕೊರತೆಯಲ್ಲ. ಒಂದೊಂದು ತಪ್ಪಿಗೂ ಒಂದೊಂದು ಕಾಯ್ದೆಯಿದೆ, ಒಬ್ಬೊಬ್ಬ ಹೊಣೆಗಾರ ಅಧಿಕಾರಿ ಇದ್ದಾರೆ. ತಪ್ಪುಗಳನ್ನು ಬಿಡಿಸಿ, ಆಯಾ ತಪ್ಪನ್ನು ಆಯಾ ಅಧಿಕಾರಿಗೇ ಮುಟ್ಟಿಸಿದ ದೂರು ಮಾತ್ರ ಮುಂದಕ್ಕೆ ಸಾಗುತ್ತದೆ. ಅದನ್ನು ಮಾಡುವ ಬಗೆಯನ್ನು ಬೆಳಗಾವಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದೆ. ವಿಜಯಪುರ, ಬಾಗಲಕೋಟೆಯವರಿಗೆ ದಾರಿ ಬೇರೆಯಾಗುವ ಕಡೆಗಳಲ್ಲಿ ಅದನ್ನೂ ಹೇಳಿದೆ.

ಮೂರು ಬಗೆಯ ತಪ್ಪುಗಳನ್ನು ಮೊದಲು ಬಿಡಿಸಿಕೊಳ್ಳಿ

ಮೊದಲನೆಯದು ಬಳಕೆಯ ತಪ್ಪು. ಮಹಾಯೋಜನೆಯಲ್ಲಿ, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಪಡಿಸುವ ಮಾಸ್ಟರ್ ಪ್ಲಾನಿನಲ್ಲಿ, ವಸತಿ ಎಂದು ಗುರುತಿಸಿದ ಜಾಗವನ್ನು ಕೈಗಾರಿಕೆಗೋ ಸಗಟು ವ್ಯಾಪಾರಕ್ಕೋ ಬಳಸುವುದು ಈ ಬಗೆಗೆ ಸೇರುತ್ತದೆ. ಇದಕ್ಕೆ ಅನ್ವಯಿಸುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಆ ಕಾಯ್ದೆಯ ಪ್ರಕಾರ ಕಟ್ಟುವ ಕೆಲಸ ಮಾತ್ರವಲ್ಲ, ಜಮೀನಿನ ಅಥವಾ ಕಟ್ಟಡದ ಬಳಕೆಯಲ್ಲಾಗುವ ಗಣನೀಯ ಬದಲಾವಣೆಯೂ ‘ಅಭಿವೃದ್ಧಿ’ ಎನಿಸಿಕೊಳ್ಳುತ್ತದೆ. ಆದ್ದರಿಂದ ‘ನಾನು ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲ, ಇದ್ದ ಮನೆಯಲ್ಲೇ ಮಷೀನು ಇಟ್ಟಿದ್ದೇನೆ’ ಎನ್ನುವ ವಾದ ನಿಲ್ಲುವುದಿಲ್ಲ. ಕಲಂ 14ರಂತೆ ಇಂಥ ಪ್ರತಿಯೊಂದು ಬದಲಾವಣೆಗೂ ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ಅನುಮತಿಯಿಲ್ಲದ ಅಭಿವೃದ್ಧಿಗೂ ಯೋಜನೆಗೆ ವಿರುದ್ಧವಾದ ಬಳಕೆಗೂ ಕಲಂ 73 ದಂಡನೆ ವಿಧಿಸುತ್ತದೆ.

ಎರಡನೆಯದು ಕಟ್ಟಡದ ತಪ್ಪು. ಪರವಾನಗಿಯಿಲ್ಲದೆ ಕಟ್ಟುವುದು, ಮಂಜೂರಾದ ನಕ್ಷೆ ಮೀರಿ ಮಹಡಿ ಏರಿಸುವುದು, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ನುಂಗುವುದು, ಪಾರ್ಕಿಂಗಿಗೆಂದು ತೋರಿಸಿದ ಜಾಗಕ್ಕೆ ಶಟರ್ ಹಾಕಿ ಅಂಗಡಿ ಮಾಡುವುದು ಇದರಲ್ಲಿ ಬರುತ್ತವೆ. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ ಕಲಂ 299 ಪರವಾನಗಿಯ ಬಗ್ಗೆ, ಕಲಂ 321 ಅಕ್ರಮ ನಿರ್ಮಾಣದ ತೆರವಿನ ಬಗ್ಗೆ ಹೇಳುತ್ತವೆ. ನಗರಸಭೆ, ಪುರಸಭೆಗಳಲ್ಲಿ ಪುರಸಭೆಗಳ ಕಾಯ್ದೆ, 1964ರ ಕಲಂ 187 ಅನ್ವಯಿಸುತ್ತದೆ.

ಮೂರನೆಯದು ಉಪದ್ರವ: ಸದ್ದು, ಹೊಗೆ, ಎಣ್ಣೆ ಬೆರೆತ ನೀರು, ರಸ್ತೆಗೆ ಅಡ್ಡ ನಿಲ್ಲುವ ಟೆಂಪೊ. ನೆರೆಯವರನ್ನು ದಿನವೂ ಕಾಡುವುದು ಇದೇ, ಆದ್ದರಿಂದ ಅರ್ಜಿಯಲ್ಲಿ ಮೊದಲು ಬರುವುದೂ ಇದೇ. ಆದರೆ ಉಪದ್ರವವನ್ನು ಮಾತ್ರ ಹಿಡಿದರೆ ಅಧಿಕಾರಿ ‘ಸದ್ದು ಕಡಿಮೆ ಮಾಡಿ’ ಎಂದು ಮಾಲೀಕರಿಗೆ ಮೌಖಿಕವಾಗಿ ಹೇಳಿ ಕಡತ ಮುಗಿಸಬಹುದು. ಬಳಕೆಯೇ ಕಾನೂನುಬಾಹಿರ ಎಂಬುದನ್ನು ದಾಖಲೆಯಿಂದ ತೋರಿಸಿದರೆ ಸದ್ದು ಎಷ್ಟಿದೆ ಎನ್ನುವ ಚರ್ಚೆಯೇ ಬೇಕಾಗುವುದಿಲ್ಲ. ಆದ್ದರಿಂದ ಉಪದ್ರವವನ್ನು ಪೂರಕ ಅಂಶವಾಗಿ ಇಟ್ಟುಕೊಂಡು, ಮೊದಲೆರಡು ತಪ್ಪುಗಳನ್ನೇ ದೂರಿನ ತಳಹದಿ ಮಾಡಿಕೊಳ್ಳುವುದು ಉತ್ತಮ.

ಮೊದಲ ಹಂತ: ಜಾಗ ಯಾರ ವ್ಯಾಪ್ತಿಯಲ್ಲಿದೆ?

ಬೆಳಗಾವಿಯಲ್ಲಿ ಈ ಪ್ರಶ್ನೆ ಕಾಣುವಷ್ಟು ಸರಳವಲ್ಲ. ತಿಳಕವಾಡಿ, ಹನುಮಾನ ನಗರ, ಮಹಾಂತೇಶ ನಗರದಂಥ ಬಡಾವಣೆಗಳಲ್ಲಿ ಕಟ್ಟಡ ಪರವಾನಗಿ ಮಹಾನಗರ ಪಾಲಿಕೆಯದು. ಆದರೆ ಮಹಾಯೋಜನೆಯನ್ನು ರೂಪಿಸುವುದು, ಭೂಬಳಕೆ ಬದಲಾವಣೆಯನ್ನು ಪರಿಶೀಲಿಸುವುದು ಯೋಜನಾ ಪ್ರಾಧಿಕಾರವಾದ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಬುಡಾ. ಕ್ಯಾಂಪ್ ಪ್ರದೇಶಕ್ಕೆ ಪಾಲಿಕೆಯ ನಿಯಮಗಳು ಅನ್ವಯಿಸುವುದಿಲ್ಲ. ಅಲ್ಲಿ ದಂಡು ಮಂಡಳಿಯಿದ್ದು, ದಂಡು ಪ್ರದೇಶಗಳ ಕಾಯ್ದೆ, 2006ರಂತೆ ಕೆಲಸ ನಡೆಯುತ್ತದೆ. ಊರಿನ ಅಂಚಿನಲ್ಲಿ ಮನೆ ಮಾಡಿಕೊಂಡವರು ಇನ್ನೂ ಎಚ್ಚರ ವಹಿಸಬೇಕು. ಮಚ್ಛೆ, ಪೀರನವಾಡಿಗಳಿಗೆ ಪಟ್ಟಣ ಪಂಚಾಯಿತಿಗಳಿವೆ. ಸುತ್ತಲಿನ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಪರವಾನಗಿ ಕೊಟ್ಟಿದ್ದರೂ ಜಾಗ ಬುಡಾದ ಯೋಜನಾ ಪ್ರದೇಶದೊಳಗಿದ್ದರೆ 1961ರ ಕಾಯ್ದೆಯೂ ಅನ್ವಯಿಸುತ್ತದೆ.

ವಿಜಯಪುರದಲ್ಲಿ ಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದ ಜೊತೆಗೆ ಮೂರನೆಯ ಕಚೇರಿಯೊಂದಿದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾದಂಥ ಸಂರಕ್ಷಿತ ಸ್ಮಾರಕಗಳ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿನ ನಿರ್ಮಾಣದ ಬಗ್ಗೆ ಪಾಲಿಕೆಗೆ ಬರೆಯುವಾಗಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವಲಯಕ್ಕೂ ಪ್ರತಿ ಕಳಿಸಬೇಕು. ಬಾಗಲಕೋಟೆಯ ನವನಗರ ಆಲಮಟ್ಟಿ ಹಿನ್ನೀರಿನಿಂದ ಸ್ಥಳಾಂತರಗೊಂಡವರಿಗಾಗಿ ಸೆಕ್ಟರುಗಳ ಲೆಕ್ಕದಲ್ಲಿ ಕಟ್ಟಿದ ಊರು. ಅಲ್ಲಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಕೊಟ್ಟ ಹಂಚಿಕೆ ಪತ್ರದ ಷರತ್ತುಗಳನ್ನು ಮೊದಲು ಓದಬೇಕು. ಪ್ರಾಧಿಕಾರ ವಾಸದ ಮನೆಗೆಂದು ಹಂಚಿದ ನಿವೇಶನವನ್ನು ಬೇರೆ ಬಳಕೆಗೆ ತಿರುಗಿಸಿದರೆ ವಲಯ ನಿಯಮದ ಜೊತೆಗೆ ಹಂಚಿಕೆಯ ಷರತ್ತೂ ಮುರಿದಂತಾಗುತ್ತದೆ. ಬುಡಾ ರಚಿಸಿದ ರಾಮತೀರ್ಥ ನಗರದಂಥ ಬಡಾವಣೆಗಳಿಗೂ ಈ ಮಾತು ಸಲ್ಲುತ್ತದೆ.

ಎರಡನೆಯ ಹಂತ: ನಕ್ಷೆ ಮತ್ತು ನಿಯಮಾವಳಿ ಓದುವುದು

ನಮ್ಮ ಕಡೆ ಹಳೆಯ ಮುಂಬಯಿ ಪ್ರಾಂತದ ಪದ್ಧತಿಯಿಂದಾಗಿ ಒಂದೇ ಜಾಗಕ್ಕೆ ರಿ.ಸ. ನಂಬರ್ (ಜಮೀನಿನ ಸರ್ವೆ ನಂಬರು), ಸಿ.ಟಿ.ಎಸ್. ನಂಬರ್ (ಸಿಟಿ ಸರ್ವೆ ನಂಬರು), ಪ್ಲಾಟ್ ನಂಬರ್, ಪಾಲಿಕೆಯ ಆಸ್ತಿ ಸಂಖ್ಯೆ ಎಂದು ಮೂರು ನಾಲ್ಕು ಗುರುತುಗಳಿರುತ್ತವೆ. ಮಹಾಯೋಜನೆಯ ನಕ್ಷೆಯಲ್ಲಿ ಸಿಗುವುದು ಬಹುತೇಕ ಸರ್ವೆ ನಂಬರು, ಸಿಟಿ ಸರ್ವೆ ಉತಾರದಲ್ಲಿ ಸಿಗುವುದು ಸಿ.ಟಿ.ಎಸ್. ನಂಬರು, ಪರವಾನಗಿಯಲ್ಲಿ ಬರೆದಿರುವುದು ಪ್ಲಾಟ್ ನಂಬರು. ಇವನ್ನೆಲ್ಲ ಒಂದು ಹಾಳೆಯಲ್ಲಿ ಹೊಂದಿಸಿ ಬರೆದುಕೊಳ್ಳದೆ ದೂರು ಕೊಟ್ಟರೆ ‘ಸದರಿ ನಂಬರಿನ ಆಸ್ತಿ ಕಂಡುಬಂದಿಲ್ಲ’ ಎಂಬ ಹಿಂಬರಹ ಬರುವ ಸಾಧ್ಯತೆ ಹೆಚ್ಚು.

ನಂಬರು ಸಿಕ್ಕ ಮೇಲೆ ಬುಡಾ ಕಚೇರಿಯಲ್ಲಿ ಭೂಬಳಕೆ ನಕ್ಷೆ ನೋಡಿ. ಸಾಮಾನ್ಯವಾಗಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು ಬಣ್ಣವಿರುತ್ತದೆ. ಆದರೂ ನಕ್ಷೆಯ ಮೂಲೆಯಲ್ಲಿರುವ ಸೂಚಿಯನ್ನೇ ನಂಬಬೇಕು. ಅಲ್ಲಿಯೇ ಆ ಸರ್ವೆ ನಂಬರಿನ ಭೂಬಳಕೆಯ ಬಗ್ಗೆ ಲಿಖಿತ ದೃಢೀಕರಣಕ್ಕೆ ಅರ್ಜಿ ಹಾಕಿ. ಈ ಒಂದು ಹಾಳೆ ಮುಂದಿನ ಪ್ರತಿ ಹಂತದಲ್ಲೂ ಬೇಕಾಗುತ್ತದೆ.

ನಂತರ ಮಹಾಯೋಜನೆಯ ಜೊತೆಗಿರುವ ವಲಯ ನಿಯಮಾವಳಿಯ ಪುಸ್ತಕ. ಅದರಲ್ಲಿ ಪ್ರತಿಯೊಂದು ವಲಯಕ್ಕೂ ಎರಡು ಪಟ್ಟಿಗಳಿರುತ್ತವೆ: ನೇರವಾಗಿ ಅನುಮತಿಸಿದ ಬಳಕೆಗಳು, ಮತ್ತು ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಅನುಮತಿಸಬಹುದಾದ ಬಳಕೆಗಳು. ದೂರುದಾರರು ಹೆಚ್ಚಾಗಿ ಎಡವುವುದು ಇಲ್ಲಿ. ವಸತಿ ವಲಯ ಎಂದರೆ ಮನೆಯ ಹೊರತು ಏನೂ ಇರಬಾರದು ಎಂದಲ್ಲ. ಮನೆಯಲ್ಲೇ ವಾಸವಿರುವ ವೈದ್ಯರ ಸಣ್ಣ ಚಿಕಿತ್ಸಾಲಯ, ವಕೀಲರ ಕಚೇರಿ, ದಿನಸಿ ಅಂಗಡಿಯಂಥವಕ್ಕೆ ಅಳತೆಯ ಮಿತಿಯೊಳಗೆ ಅವಕಾಶವಿರಬಹುದು; ಕೆಲವು ಬಳಕೆಗಳಿಗೆ ರಸ್ತೆಯ ಅಗಲದ ಷರತ್ತು ಇರುತ್ತದೆ. ಹಾಗಾಗಿ ದೂರಿನಲ್ಲಿ ‘ವಸತಿ ಪ್ರದೇಶದಲ್ಲಿ ವ್ಯಾಪಾರ ನಡೆಸುತ್ತಿದ್ದಾರೆ’ ಎಂದು ಬರೆದರೆ ಸಾಲದು, ‘ಈ ಬಳಕೆ ಎರಡೂ ಪಟ್ಟಿಗಳಲ್ಲಿ ಇಲ್ಲ’ ಎಂದೋ ‘ಎರಡನೆಯ ಪಟ್ಟಿಯಲ್ಲಿದೆ, ಆದರೆ ಪ್ರಾಧಿಕಾರದ ಅನುಮತಿ ಪಡೆದಿಲ್ಲ’ ಎಂದೋ ನಿಖರವಾಗಿ ಬರೆಯಬೇಕು.

ಇನ್ನೊಂದು ವಿಷಯವನ್ನು ನ್ಯಾಯದ ದೃಷ್ಟಿಯಿಂದ ಹೇಳಲೇಬೇಕು. ವಡಗಾವಿ, ಖಾಸಬಾಗ, ಶಹಾಪುರದ ಓಣಿಗಳಲ್ಲಿ ನೇಕಾರರ ಮನೆ ಮತ್ತು ಮಗ್ಗ ಒಂದೇ ಸೂರಿನಡಿ ಬೆಳೆದುಬಂದಿವೆ. ಯೋಜನೆ ಜಾರಿಗೆ ಬರುವ ಮೊದಲೇ ಕಾನೂನುಬದ್ಧವಾಗಿ ನಡೆಯುತ್ತಿದ್ದ ಬಳಕೆಯನ್ನು ನಿನ್ನೆ ಮೊನ್ನೆ ತಲೆಯೆತ್ತಿದ ಗೋದಾಮಿನ ಸಾಲಿಗೆ ಸೇರಿಸಬಾರದು. ಅಂಥ ಕಡೆ ಮಗ್ಗದ ಸದ್ದಿನ ಬಗ್ಗೆ ಮಾತುಕತೆಯೇ ಸರಿಯಾದ ದಾರಿ. ಒಂದು ಕುಟುಂಬದ ದುಡಿಮೆಯನ್ನು ನಿಲ್ಲಿಸುವ ಅರ್ಜಿಗೆ ಸಹಿ ಹಾಕುವ ಮೊದಲು ಆ ಬಳಕೆ ಎಂದಿನಿಂದ ಇದೆ ಎಂದು ವಿಚಾರಿಸುವುದು ದೂರುದಾರರ ಕರ್ತವ್ಯ.

ಮೂರನೆಯ ಹಂತ: ಸಾಕ್ಷ್ಯ ಕೂಡಿಸುವುದು

ಇಲ್ಲಿಂದ ಮುಂದೆ ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಉದ್ಯಮಬಾಗದ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಒಬ್ಬರು ಸಮೀಪದ ವಸತಿ ಬಡಾವಣೆಯಲ್ಲಿ 30 ಅಡಿಗೆ 40 ಅಡಿಯ ಪ್ಲಾಟಿನಲ್ಲಿ ಮನೆ ಕಟ್ಟಿಸಿ, ಪಾರ್ಕಿಂಗಿನ ಜಾಗಕ್ಕೆ ಗೋಡೆ ಎತ್ತಿ, ಎರಡು ಲೇಥ್, ಒಂದು ಡ್ರಿಲ್ಲಿಂಗ್ ಮಷೀನು ಇಟ್ಟಿದ್ದಾರೆ. ಕೇಳಿದರೆ ‘ಲೈಸೆನ್ಸ್ ಐತ್ರೀ, ಟ್ಯಾಕ್ಸೂ ಕಟ್ಟೇನ್ರೀ’ ಎನ್ನುತ್ತಾರೆ.

ಫೋಟೊಗಳನ್ನು ಸಾರ್ವಜನಿಕ ರಸ್ತೆಯಿಂದ ಅಥವಾ ನಿಮ್ಮ ಸ್ವಂತ ಆವರಣದಿಂದ ಮಾತ್ರ ತೆಗೆಯಿರಿ. ಒಳನುಗ್ಗಿ ತೆಗೆದ ಒಂದೇ ಒಂದು ಫೋಟೊ ನಿಮ್ಮ ಮೇಲೆಯೇ ಪ್ರಕರಣ ತರಬಹುದು. ದಿನಾಂಕ, ಸಮಯ, ಸ್ಥಳ ದಾಖಲಾಗುವ ಕ್ಯಾಮೆರಾ ಆ್ಯಪ್ ಬಳಸಿ. ಕಟ್ಟಡದ ನಾಲ್ಕೂ ಬದಿಯ ಅಂತರ ಕಾಣುವಂಥ ಚಿತ್ರಗಳು, ಶಟರ್ ತೆರೆದಾಗ ರಸ್ತೆಯಿಂದ ಕಾಣುವ ಮಷೀನು, ಬಾಗಿಲಲ್ಲಿ ಇಳಿಯುತ್ತಿರುವ ಕಬ್ಬಿಣದ ಸರಳು, ಗಟಾರದಲ್ಲಿ ತೇಲುವ ಎಣ್ಣೆ: ಇವು ಸಾಕು. ಮನೆಯವರ, ಅದರಲ್ಲೂ ಮಕ್ಕಳ ಮುಖ ಬಾರದಂತೆ ನೋಡಿಕೊಳ್ಳಿ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ನೋಡುವ ಸೌಲಭ್ಯವಿದೆ. ‘ಇದು ಮೊದಲಿನಿಂದಲೂ ಇತ್ತು’ ಎಂಬ ವಾದಕ್ಕೆ ಇಷ್ಟು ಒಳ್ಳೆಯ ಉತ್ತರ ಬೇರೊಂದಿಲ್ಲ.

ಜೊತೆಗೆ ಎರಡು ವಾರ ಒಂದು ವಹಿಯಲ್ಲಿ ಮಷೀನು ಆರಂಭವಾದ ಮತ್ತು ನಿಂತ ಸಮಯವನ್ನು ಬರೆದಿಡಿ. ಶಬ್ದ ಮಾಲಿನ್ಯ ನಿಯಮಗಳು, 2000ರಂತೆ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಮೊಬೈಲಿನಲ್ಲಿ ಅಳೆದ ಅಂಕಿಯನ್ನು ಅಂತಿಮ ಸಾಕ್ಷ್ಯವೆಂದು ಯಾರೂ ಒಪ್ಪುವುದಿಲ್ಲ. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಅಳೆಯಬೇಕು ಎಂದು ಕೇಳಲು ಅದು ಆಧಾರವಾಗುತ್ತದೆ.

ನಾಲ್ಕನೆಯ ಹಂತ: ಮಾಲೀಕರಿಗೆ ಒಂದು ಪತ್ರ

ಅಕ್ಕಪಕ್ಕದ ಮನೆಯವರು ನಾಳೆಯೂ ಅಕ್ಕಪಕ್ಕದಲ್ಲೇ ಇರುತ್ತಾರೆ. ಓಣಿಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿ, ನಂತರ ಅದೇ ಮಾತನ್ನು ಒಂದು ಪುಟದ ಪತ್ರದಲ್ಲಿ ಬರೆದು ಕೊಡಿ: ಏನು ತೊಂದರೆ, ಯಾವ ನಿಯಮ, ಎಷ್ಟು ದಿನದೊಳಗೆ ಏನು ಮಾಡಬೇಕು. ಹದಿನೈದು ದಿನ ಕಾಯಿರಿ. ಕಟ್ಟುವ ಕೆಲಸ ಇನ್ನೂ ನಡೆಯುತ್ತಿದ್ದರೆ ಮಾತ್ರ ಕಾಯಬೇಡಿ. ಅಡಿಪಾಯದ ಹಂತದಲ್ಲಿ ನಿಲ್ಲಿಸಬಹುದಾದದ್ದು ಎರಡನೆಯ ಸ್ಲ್ಯಾಬ್ ಆದ ಮೇಲೆ ವರ್ಷಗಟ್ಟಲೆ ನಡೆಯುವ ವ್ಯಾಜ್ಯವಾಗುತ್ತದೆ.

ಐದನೆಯ ಹಂತ: ದೂರು ಬರೆಯುವುದು

ನಮ್ಮ ಉದಾಹರಣೆಯಲ್ಲಿ ಮೂರು ಪ್ರತ್ಯೇಕ ದೂರುಗಳಾಗಬೇಕು. ಪಾರ್ಕಿಂಗ್ ಜಾಗಕ್ಕೆ ಗೋಡೆ ಎತ್ತಿದ್ದರ ಬಗ್ಗೆ ಪಾಲಿಕೆಯ ಆಯುಕ್ತರಿಗೆ, ನಗರ ಯೋಜನಾ ವಿಭಾಗದ ಗಮನಕ್ಕೆಂದು ಬರೆದು. ಬಳಕೆ ಬದಲಾವಣೆಯ ಬಗ್ಗೆ ಬುಡಾ ಆಯುಕ್ತರಿಗೆ. ಉದ್ದಿಮೆ ಪರವಾನಗಿಯ ಬಗ್ಗೆ ಪಾಲಿಕೆಯ ಆರೋಗ್ಯ ವಿಭಾಗಕ್ಕೆ. ಪೌರ ನಿಗಮಗಳ ಕಾಯ್ದೆಯ ಕಲಂ 353ರಂತೆ ಪರವಾನಗಿ ಬೇಕಾದ ಉದ್ದಿಮೆಗೆ ಪರವಾನಗಿ ಇಲ್ಲದಿದ್ದರೆ ಅದೇ ಒಂದು ತಪ್ಪು, ಇದ್ದರೆ ವಸತಿ ವಲಯದಲ್ಲಿ ಅದನ್ನು ಹೇಗೆ ಕೊಟ್ಟರು ಎಂಬುದು ಮುಂದಿನ ಪ್ರಶ್ನೆ. ಪ್ರತಿ ದೂರಿನಲ್ಲೂ ಉಳಿದೆರಡರ ದಿನಾಂಕವನ್ನು ಒಂದು ಸಾಲಿನಲ್ಲಿ ಉಲ್ಲೇಖಿಸಿ.

ಪಾಲಿಕೆಗೆ ಕೊಡುವ ದೂರು ಹೀಗಿರಬಹುದು:

‘ವಿಷಯ: ವಾರ್ಡ್ ಸಂಖ್ಯೆ ……, ಸಿ.ಟಿ.ಎಸ್. ನಂಬರ್ ……, ಪ್ಲಾಟ್ ನಂಬರ್ ……ರಲ್ಲಿ ಮಂಜೂರಾದ ನಕ್ಷೆಗೆ ವಿರುದ್ಧವಾಗಿ ನಡೆದಿರುವ ನಿರ್ಮಾಣದ ಕುರಿತು, ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ ಕಲಂ 321ರಂತೆ ಕ್ರಮ ಕೋರಿ.

ಸದರಿ ಆಸ್ತಿಯ ನೆಲಮಹಡಿಯಲ್ಲಿ ವಾಹನ ನಿಲುಗಡೆಗೆ ಮೀಸಲಾದ ಜಾಗವನ್ನು ಗೋಡೆಯಿಂದ ಮುಚ್ಚಿ ಯಂತ್ರಗಳನ್ನು ಅಳವಡಿಸಲಾಗಿದೆ. ದಿನಾಂಕ ……ರಂದು ರಸ್ತೆಯಿಂದ ತೆಗೆದ ಛಾಯಾಚಿತ್ರಗಳನ್ನು ಲಗತ್ತಿಸಿದ್ದೇನೆ. ತಾವು ಸ್ಥಳ ಪರಿಶೀಲನೆ ನಡೆಸಿ, ಮಂಜೂರಾದ ನಕ್ಷೆಯೊಂದಿಗೆ ಹೋಲಿಸಿ, ಮಹಜರು ದಾಖಲಿಸಿ, ಉಲ್ಲಂಘನೆ ಕಂಡುಬಂದಲ್ಲಿ ಕಾಯ್ದೆಯಂತೆ ನೋಟಿಸ್ ಜಾರಿ ಮಾಡಬೇಕೆಂದೂ, ಕೈಗೊಂಡ ಕ್ರಮವನ್ನು ನನಗೆ ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇನೆ.’

ಇಷ್ಟೇ. ಮಾಲೀಕರ ಸ್ವಭಾವ, ಅವರ ರಾಜಕೀಯ ನಂಟು, ‘ಲಂಚ ತಿಂದಿದ್ದಾರೆ’ ಎಂಬ ಅನುಮಾನ ಯಾವುದೂ ಇದರಲ್ಲಿ ಬರಬಾರದು. ‘ಕಟ್ಟಡ ಕೆಡವಿ’ ಎಂದು ಕೇಳುವ ಬದಲು ಪರಿಶೀಲನೆ, ಮಹಜರು, ನೋಟಿಸ್ ಎಂದು ಕಾಯ್ದೆಯ ಕ್ರಮದಲ್ಲೇ ಕೇಳಬೇಕು. ಹಾಗೆ ಕೇಳಿದ್ದನ್ನು ಮಾಡಲಿಲ್ಲವೆಂದರೆ ಏಕೆ ಮಾಡಲಿಲ್ಲ ಎಂಬುದಕ್ಕೆ ಅಧಿಕಾರಿ ಕಡತದಲ್ಲಿ ಕಾರಣ ಬರೆಯಬೇಕಾಗುತ್ತದೆ.

ದೂರನ್ನು ಕಚೇರಿಗೆ ಬಂದ ಪತ್ರಗಳನ್ನು ಸ್ವೀಕರಿಸುವ ಆವಕ ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಎಂಜಿನಿಯರ ಕೈಗೆ ನೇರವಾಗಿ ಕೊಟ್ಟ ಅರ್ಜಿಗೆ ದಾಖಲೆಯಿರುವುದಿಲ್ಲ. ಸ್ಪೀಡ್ ಪೋಸ್ಟಿನಲ್ಲೂ ಕಳಿಸಬಹುದು. ರಾಜ್ಯ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನದ 1902 ಸಂಖ್ಯೆಗೆ ಕರೆ ಮಾಡಿ ದಾಖಲಿಸುವುದು ಒಳ್ಳೆಯದೇ, ಆದರೆ ಅದು ಲಿಖಿತ ದೂರಿಗೆ ಬದಲಿಯಲ್ಲ. ಒಬ್ಬರೇ ಎದುರಿಸಲು ಅಂಜುವವರು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ನಿವಾಸಿಗಳ ಸಂಘದ ಹೆಸರಿನಲ್ಲಿ ಕೊಡಬಹುದು. ಅನಾಮಧೇಯ ದೂರು ಬೇಡ. ಅದರ ಮೇಲೆ ಕ್ರಮ ಆಗದಿದ್ದಾಗ ಪ್ರಶ್ನಿಸಲು ಯಾರಿಗೂ ಹಕ್ಕಿರುವುದಿಲ್ಲ.

ಆರನೆಯ ಹಂತ: ಮಾಹಿತಿ ಹಕ್ಕಿನ ಅರ್ಜಿ

ದೂರು ಕೊಟ್ಟು ಮೂವತ್ತು ದಿನವಾದರೂ ಸದ್ದಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ ಇರಬೇಕು. ‘ಏಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ದಾಖಲೆ ಕೇಳಿ: ಕಟ್ಟಡ ಪರವಾನಗಿಯ ಸಂಖ್ಯೆ, ದಿನಾಂಕ, ಮಂಜೂರಾದ ಬಳಕೆ ಮತ್ತು ಮಹಡಿಗಳ ಸಂಖ್ಯೆ, ನನ್ನ ದೂರಿನ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಸ್ಥಳ ಪರಿಶೀಲನಾ ವರದಿ, ಜಾರಿಯಾದ ನೋಟಿಸುಗಳ ಪ್ರತಿ. ಟಿಪ್ಪಣಿ ಹಾಳೆಗಳನ್ನು ಮರೆಯದೆ ಕೇಳಬೇಕು, ಏಕೆಂದರೆ ಕಡತ ಯಾರ ಬಳಿ ಎಷ್ಟು ದಿನ ನಿಂತಿದೆ ಎಂಬುದು ಅಲ್ಲಿ ಮಾತ್ರ ಕಾಣುತ್ತದೆ.

ಮಾಲೀಕರ ಗುರುತಿನ ಚೀಟಿ, ಖರೀದಿ ಪತ್ರ ಕೇಳಿದರೆ ಮೂರನೆಯವರ ವೈಯಕ್ತಿಕ ಮಾಹಿತಿ ಎಂದು ಇಡೀ ಅರ್ಜಿಯೇ ನಿಲ್ಲುತ್ತದೆ. ಉತ್ತರಕ್ಕೆ ಗಡುವು 30 ದಿನ. ಬಾರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ, ಆ ನಂತರ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಆಯೋಗದ ಪೀಠ ಬೆಳಗಾವಿಯಲ್ಲೇ ಇದೆ.

ಏಳನೆಯ ಹಂತ: ನೋಟಿಸ್ ಹೊರಟ ಮೇಲೆ

ನೋಟಿಸ್ ಹೊರಟಿತೆಂದು ದೂರುದಾರರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ, ಮತ್ತು ಬಹಳಷ್ಟು ಪ್ರಕರಣಗಳು ಅಲ್ಲಿಯೇ ನಿಂತುಬಿಡುತ್ತವೆ. ಕಲಂ 321ರಲ್ಲಿ ಮೊದಲು ತಾತ್ಕಾಲಿಕ ಆದೇಶ ಮತ್ತು ಕಾರಣ ಕೇಳುವ ನೋಟಿಸ್, ಮಾಲೀಕರ ಉತ್ತರವನ್ನು ಪರಿಶೀಲಿಸಿದ ಮೇಲೆ 321(3)ರಂತೆ ದೃಢೀಕೃತ ಆದೇಶ. ತೆರವಿಗೆ ಆಧಾರವಾಗುವುದು ಎರಡನೆಯದು. ತಾತ್ಕಾಲಿಕ ಆದೇಶ ಕೊಟ್ಟು, ದೃಢೀಕರಿಸದೆ ಕಡತ ಮಲಗಿದ್ದರೆ ಅದು ಇನ್ನೂ ಅರ್ಧ ದಾರಿ. ‘321(3)ರ ಆದೇಶದ ಪ್ರತಿ’ ಎಂದು ಸ್ಪಷ್ಟವಾಗಿ ಹೆಸರಿಸಿ ಕೇಳಿ.

ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ತೆರವಿನ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿದೆ. ಕನಿಷ್ಠ 15 ದಿನಗಳ ನೋಟಿಸ್, ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುವುದು ಮತ್ತು ಕಟ್ಟಡಕ್ಕೆ ಅಂಟಿಸುವುದು, ಖುದ್ದು ವಿಚಾರಣೆಗೆ ಅವಕಾಶ, ಅಂತಿಮ ಆದೇಶದ ನಂತರವೂ 15 ದಿನಗಳ ಸಮಯ. ರಸ್ತೆ, ಫುಟ್‌ಪಾತ್, ಜಲಮೂಲದಂಥ ಸಾರ್ವಜನಿಕ ಜಾಗದ ಅತಿಕ್ರಮಣಕ್ಕೆ ಇವು ಅನ್ವಯಿಸುವುದಿಲ್ಲ. ದೂರುದಾರರಿಗೂ ಈ ಕ್ರಮ ಪಾಲನೆಯಾಗುವುದು ಮುಖ್ಯ, ಏಕೆಂದರೆ ಅವಸರದಲ್ಲಿ ಹೊರಡಿಸಿದ ಆದೇಶ ಮೇಲ್ಮನವಿಯ ಮೊದಲ ದಿನವೇ ತಡೆಗೆ ಒಳಗಾಗುತ್ತದೆ.

ದೃಢೀಕೃತ ಆದೇಶದ ವಿರುದ್ಧ ಮಾಲೀಕರು ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಕೆಲವರು ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತರಲು ನೋಡುತ್ತಾರೆ. ನೋಟಿಸ್ ಹೊರಟ ದಿನವೇ ವಕೀಲರ ಮೂಲಕ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 148-ಎ ಅಡಿ ಕೇವಿಯಟ್ ಹಾಕಿಸಿ. ಅದು 90 ದಿನ ಜೀವಂತವಾಗಿರುತ್ತದೆ, ಮತ್ತು ಆ ಅವಧಿಯಲ್ಲಿ ನಿಮಗೆ ತಿಳಿಸದೆ ಏಕಪಕ್ಷೀಯ ಆದೇಶ ಹೊರಡುವುದನ್ನು ತಡೆಯುತ್ತದೆ. ಮೇಲ್ಮನವಿಯಲ್ಲಿ ನಿಮ್ಮನ್ನೂ ಪಕ್ಷಗಾರರನ್ನಾಗಿ ಸೇರಿಸಿಕೊಳ್ಳಲು ಅರ್ಜಿ ಕೊಡಬಹುದು.

‘ನಿಮಗೇನು ಸಂಬಂಧ, ಇದು ಪಾಲಿಕೆಗೂ ನನಗೂ ಇರುವ ವಿಷಯ’ ಎಂದು ಮಾಲೀಕರು ವಾದಿಸಿದರೆ ಉತ್ತರ ನಮ್ಮ ರಾಜ್ಯದ ಪ್ರಕರಣದಲ್ಲೇ ಇದೆ. ಉಡುಪಿಯಲ್ಲಿ ಕಲ್ಯಾಣ ಮಂಟಪಕ್ಕೆಂದು ಪರವಾನಗಿ ಪಡೆದ ಜಾಗದಲ್ಲಿ ಚಿತ್ರಮಂದಿರ ಕಟ್ಟಲು ಪುರಸಭೆ ಒಪ್ಪಿದಾಗ ಅಲ್ಲಿನ ನಿವಾಸಿ ಕೆ. ರಾಮದಾಸ ಶೆಣೈ ಪ್ರಶ್ನಿಸಿದರು. ಯೋಜನೆಗೆ ವಿರುದ್ಧವಾದ ಕಟ್ಟಡ ವಸತಿ ಪ್ರದೇಶದ ನಿವಾಸಿಗಳ ಹಕ್ಕಿಗೆ ಧಕ್ಕೆ ತರುತ್ತದೆ, ಯೋಜನೆಗೆ ವಿರುದ್ಧವಾಗಿ ಅನುಮತಿ ಕೊಡಲು ಪುರಸಭೆಗೂ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ 1974ರಲ್ಲಿ ಹೇಳಿತು. ಉದ್ಯಾನದ ಜಾಗದ ವಿಷಯವಾದರೆ, ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಉದ್ಯಾನವನ್ನು ಆಸ್ಪತ್ರೆಗೆ ಕೊಟ್ಟಿದ್ದನ್ನು ನಿವಾಸಿಗಳು ಪ್ರಶ್ನಿಸಿದ ಬಿ.ಎಸ್. ಮುದ್ದಪ್ಪ ಪ್ರಕರಣದ 1991ರ ತೀರ್ಪು, ಮತ್ತು ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳ ಸಂರಕ್ಷಣೆಗಾಗಿಯೇ ಇರುವ 1985ರ ಕರ್ನಾಟಕ ಕಾಯ್ದೆ ನಿಮ್ಮ ಬೆಂಬಲಕ್ಕಿವೆ.

ತೆರಿಗೆ ಕಟ್ಟಿದ ರಸೀದಿ, ಬಿ-ಖಾತಾ, ವಾಣಿಜ್ಯ ದರದ ವಿದ್ಯುತ್ ಬಿಲ್ ತೋರಿಸಿ ‘ಎಲ್ಲವೂ ಸಕ್ರಮ’ ಎನ್ನುವುದು ಇನ್ನೊಂದು ರೂಢಿಯ ವಾದ. ಇವುಗಳಲ್ಲಿ ಯಾವುದೂ ಬಳಕೆಗೆ ಅನುಮತಿಯಲ್ಲ. ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮದಲ್ಲಿ ಸರಿಯಾಗುತ್ತದೆ ಎಂದರೆ, ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟದ್ದನ್ನು ನೆನಪಿಸಿ.

ಎಂಟನೆಯ ಹಂತ: ಉಳಿದ ಬಾಗಿಲುಗಳು

ಮಷೀನುಗಳಿಗೆ ಮನೆಬಳಕೆಯ ಮೀಟರಿನಿಂದ ವಿದ್ಯುತ್ ಎಳೆದಿದ್ದರೆ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ಉಪವಿಭಾಗಕ್ಕೆ ಬರೆಯಿರಿ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ವಿದ್ಯುತ್ ಬಳಸುವುದು 2003ರ ವಿದ್ಯುತ್ ಕಾಯ್ದೆಯ ಕಲಂ 126ರಡಿ ಅನಧಿಕೃತ ಬಳಕೆ. ಎಷ್ಟೋ ಸಲ ನೋಟಿಸಿಗಿಂತ ಮೊದಲು ಪರಿಣಾಮ ಕಾಣುವುದು ಇಲ್ಲಿಂದ. ಎಣ್ಣೆ, ಹೊಗೆ, ಸದ್ದಿನ ಬಗ್ಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು, ಘಟಕಕ್ಕೆ ಮಂಡಳಿಯ ಸಮ್ಮತಿ ಇದೆಯೇ ಎಂದು ಕೇಳಿ. ರಾತ್ರಿ ಸದ್ದಿಗೆ 112.

2024ರ ಡಿಸೆಂಬರ್ 17ರಂದು ರಾಜೇಂದ್ರ ಕುಮಾರ್ ಬರ್ಜಾತ್ಯ ಪ್ರಕರಣದಲ್ಲಿ ಬಂದ ತೀರ್ಪನ್ನು ಪ್ರತಿ ದೂರುದಾರರೂ ಇಟ್ಟುಕೊಳ್ಳಬೇಕು. ವಸತಿ ನಿವೇಶನದಲ್ಲಿ ಎದ್ದ ಅಂಗಡಿಗಳ ಬಗ್ಗೆ ಮೀರತ್‌ನಿಂದ ಬಂದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳು ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತವೆ. ಕಟ್ಟುತ್ತಿರುವ ಸ್ಥಳದಲ್ಲಿ ಮಂಜೂರಾದ ನಕ್ಷೆಯನ್ನು ಪ್ರದರ್ಶಿಸಬೇಕು, ಅಧಿಕಾರಿಗಳು ಕಾಲಕಾಲಕ್ಕೆ ಪರಿಶೀಲಿಸಿ ದಾಖಲಿಸಬೇಕು, ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕು, ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಪರವಾನಗಿ ಕೊಡಬಾರದು, ತಪ್ಪಿದ ಅಧಿಕಾರಿಗಳ ಮೇಲೆ ಇಲಾಖಾ ಕ್ರಮ ಆಗಬೇಕು. ದೂರನ್ನು ನೆನಪಿಸಿ ಬರೆಯುವ ಜ್ಞಾಪನಾ ಪತ್ರದಲ್ಲಿ ಈ ತೀರ್ಪನ್ನು ಉಲ್ಲೇಖಿಸಿದರೆ ಅಧಿಕಾರಿಗೆ ತನ್ನ ವೈಯಕ್ತಿಕ ಹೊಣೆ ನೆನಪಾಗುತ್ತದೆ. ಪೌರ ನಿಗಮಗಳ ಕಾಯ್ದೆಯ ಕಲಂ 321-ಬಿ ಕೂಡ ಅಕ್ರಮ ನಿರ್ಮಾಣ ತಡೆಯದ ವ್ಯಾಪ್ತಿಯ ಅಧಿಕಾರಿಗೆ ದಂಡನೆ ಹೇಳುತ್ತದೆ.

ಅಧಿಕಾರಿ ಬೇಕೆಂದೇ ಸುಮ್ಮನಿದ್ದಾರೆ ಎಂಬುದಕ್ಕೆ ದಾಖಲೆ ಇದ್ದರೆ ನಿಗದಿತ ನಮೂನೆ ಮತ್ತು ಪ್ರಮಾಣಪತ್ರದೊಂದಿಗೆ ಲೋಕಾಯುಕ್ತಕ್ಕೆ ದೂರು ಕೊಡಬಹುದು. ಕೊನೆಯ ದಾರಿ ಹೈಕೋರ್ಟಿನ ರಿಟ್ ಅರ್ಜಿ: ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಆವಕ ಸಂಖ್ಯೆಯಿರುವ ದೂರು, ಜ್ಞಾಪನಾ ಪತ್ರ, ಮಾಹಿತಿ ಹಕ್ಕಿನ ಉತ್ತರ ಈ ಮೂರು ಕೈಯಲ್ಲಿದ್ದರೆ, ದೂರನ್ನು ಇಂತಿಷ್ಟು ದಿನದೊಳಗೆ ಇತ್ಯರ್ಥಪಡಿಸಿ ಎಂದು ಪಾಲಿಕೆಗೆ ನಿರ್ದೇಶನ ಕೋರಲು ಗಟ್ಟಿ ಆಧಾರವಾಗುತ್ತದೆ.

ಒಂಬತ್ತನೆಯ ಹಂತ: ಭೂಬಳಕೆ ಬದಲಾವಣೆಯ ಜಾಹೀರಾತು

ಆದೇಶ ಬಂದ ಮೇಲೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಮಾಲೀಕರು 1961ರ ಕಾಯ್ದೆಯ ಕಲಂ 14-ಎ ಅಡಿ ವಸತಿಯಿಂದ ವಾಣಿಜ್ಯ ಅಥವಾ ಕೈಗಾರಿಕೆಗೆ ಭೂಬಳಕೆ ಬದಲಾವಣೆ ಕೋರಿ ಅರ್ಜಿ ಹಾಕುತ್ತಾರೆ. ಇದು ಅವರ ಹಕ್ಕು. ಆದರೆ ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು, ಮತ್ತು ಆ ಪ್ರಸ್ತಾವವನ್ನು ಸ್ಥಳೀಯವಾಗಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು ಎಂದು ಅದೇ ಕಲಂ ಹೇಳುತ್ತದೆ. ಸಣ್ಣ ಅಕ್ಷರದ ಆ ಪ್ರಕಟಣೆಯನ್ನು ಯಾರೂ ನೋಡದೆ, ಒಂದೂ ಆಕ್ಷೇಪಣೆ ಬಾರದೆ ಬದಲಾವಣೆ ಮಂಜೂರಾದರೆ, ನೀವು ಅಷ್ಟು ದಿನ ಹೋರಾಡಿದ ಬಳಕೆ ಕಾನೂನುಬದ್ಧವಾಗಿಬಿಡುತ್ತದೆ.

ಆದ್ದರಿಂದ ಸಂಘದಲ್ಲಿ ಒಬ್ಬರಿಗೆ ಬುಡಾ ಪ್ರಕಟಣೆಗಳನ್ನು ದಿನವೂ ನೋಡುವ ಹೊಣೆ ವಹಿಸಿ, ಮತ್ತು ಆ ಸರ್ವೆ ನಂಬರಿಗೆ ಸಂಬಂಧಿಸಿದ ಯಾವುದೇ ಅರ್ಜಿ ಬಂದರೆ ನಮ್ಮನ್ನು ಕೇಳದೆ ತೀರ್ಮಾನಿಸಬಾರದೆಂದು ಬುಡಾಕ್ಕೆ ಮುಂಚಿತವಾಗಿಯೇ ಪತ್ರ ಕೊಟ್ಟಿಡಿ. ಪ್ರಕಟಣೆ ಕಂಡ ಕೂಡಲೇ ಅದರಲ್ಲಿ ಕೊಟ್ಟ ಗಡುವಿನೊಳಗೆ ಪ್ರತಿ ಮನೆಯವರೂ ಪ್ರತ್ಯೇಕವಾಗಿ ಆಕ್ಷೇಪಣೆ ಸಲ್ಲಿಸಬೇಕು. ರಸ್ತೆಯ ಅಗಲ ಎಷ್ಟು, ಶಾಲೆ ಎಷ್ಟು ದೂರ, ಒಳಚರಂಡಿಯ ಸ್ಥಿತಿ ಏನು, ಅಕ್ಕಪಕ್ಕದ ಎಷ್ಟು ಪ್ಲಾಟುಗಳು ಇಂದಿಗೂ ಬರೀ ವಾಸಕ್ಕೇ ಬಳಕೆಯಾಗುತ್ತಿವೆ ಎಂಬ ವಿವರಗಳೊಂದಿಗೆ, ಹಿಂದಿನ ಮಹಜರು ಮತ್ತು ಆದೇಶದ ಪ್ರತಿಗಳನ್ನೂ ಲಗತ್ತಿಸಿ, ಆವಕ ಸಂಖ್ಯೆ ಪಡೆದುಕೊಳ್ಳಿ.